ಮದುವೆಗೆ ಬಂದ ಬಿಲ್ಲೆ

ಪುತ್ತೂರಿನಿಂದ ಏಳೂವರೆಗೆ ಹೊರಡಬೇಕಿದ್ದ ಬಸ್ಸು ಎಂಟೂಕಾಲಿಗೆ ಹೊರಟಿತು. ಕಾಣಿಯೂರಿಗೆ ಟಿಕೇಟು ತೊಂಬತ್ತು ಪೈಸೆ. ಮಾರ್ಚ್ ತಿಂಗಳ ಸೆಕೆ, ಕಿಟಕಿಯಿಂದ ಕೆಂಪು ಧೂಳು. ರಜೆಯಲ್ಲಿ ಊರಿಗೆ ಬಂದವನಿಗೆ ಈ ಓಡಾಟ ಯಾಕೆ ಎಂದು ಗೊಣಗಿಕೊಂಡೇ ಕೂತೆ.

ನನ್ನ ಕೆಲಸ ಉತ್ತರದ ಒಂದು ಅಣು ವಿದ್ಯುತ್ ಸ್ಥಾವರದ ಪ್ರಯೋಗಾಲಯದಲ್ಲಿ. ಅಲ್ಲಿ ಒಳಗೆ ದುಡಿಯುವ ಪ್ರತಿಯೊಬ್ಬನೂ ಎದೆಗೆ ಒಂದು ಬಿಲ್ಲೆ ಸಿಕ್ಕಿಸಿಕೊಳ್ಳಬೇಕು. ಅದರೊಳಗೊಂದು ಫಿಲ್ಮಿನ ಚೂರು. ಮೈಗೆ ತಾಗಿದ ವಿಕಿರಣ ಹೆಚ್ಚಿದಷ್ಟೂ ಅದು ಕಪ್ಪಾಗುತ್ತದೆ. ತಿಂಗಳಿಗೊಮ್ಮೆ ಅದನ್ನು ತೊಳೆದು ನೋಡಿ, ಮಿತಿ ಮೀರಿದವರನ್ನು ಒಳಗೆ ಬಿಡಬೇಡಿ ಎಂದು ಬರೆಯುವವನು ನಾನು. ವಿಕಿರಣ ಹೆಚ್ಚಿರುವ ಹೊಂಡಕ್ಕಿಳಿದು ಪೈಪು ಬಿಚ್ಚುವ ಗುತ್ತಿಗೆ ಆಳು ಹಮೀದನ ಬಿಲ್ಲೆ ಈ ಸಲ ಬಂದಿರಲಿಲ್ಲ. ಅವನು ತಂಗಿಯ ಮದುವೆಗೆ ಕಾಣಿಯೂರಿಗೆ ಹೋಗಿದ್ದ. "ನೀನೂ ಆ ಕಡೆಯವನಲ್ಲವೆ, ತೆಗೆದುಕೊಂಡು ಬಾ" ಎಂದಿದ್ದರು ಮೇಲಿನವರು.

ಸವಣೂರಿನಲ್ಲಿ ಬಸ್ಸು ಅರ್ಧ ಗಂಟೆ ನಿಂತಿತು. ಗೋಳಿಬಜೆ ತಣ್ಣಗಾಗಿತ್ತು, ಚಹಾ ಪರವಾಗಿಲ್ಲ. ಕಾಣಿಯೂರಿನಲ್ಲಿ ಇಳಿದು ಒಂದು ಮೈಲು ನಡೆದೆ. ಹಮೀದ್ ಅಂಗಳದಲ್ಲೇ ಸಿಕ್ಕಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನ ಮೇಲೆ ನಮ್ಮ ಬಿಲ್ಲೆ!

"ಇದನ್ನು ಊರಿಗೆ ತರುದಾ ಮಾರಾಯ?" ಎಂದೆ.

"ಮದುವೆಗೆ ಹಾಕ್ಲಿಕ್ಕೆ ತಂದದ್ದು ರೈಗಳೇ. ಎಲ್ರೂ ಎಂತ ಇದು ಅಂತ ಕೇಳಿದ್ರು." ಅವನಿಗೆ ಹೆಮ್ಮೆ. "ನೋಡಿ, ಒಂದು ಕಲೆ ಇಲ್ಲ. ಕೆಲಸದ ಹೊತ್ತಿಗೆ ಹಾಕುದೇ ಇಲ್ಲ."

"ಹಾಕುದಿಲ್ವಾ?"

"ಒಳಗೆ ಗ್ರೀಸು, ಎಣ್ಣೆ ಉಂಟಲ್ಲ. ಹಾಳಾಗ್ತದೆ ಅಂತ ನಮ್ಮ ಆರು ಜನರದ್ದೂ ಮೇಸ್ತ್ರಿ ಡಬ್ಬಿಯಲ್ಲಿ ಹಾಕಿ ಹೊರಗೆ ಇಡುದು."

ಸಿಟ್ಟು ನೆತ್ತಿಗೇರಿತು. ಹಮೀದನದು ತಿಳಿಯದೆ ಆದ ತಪ್ಪು. ಮೇಸ್ತ್ರಿಗೆ ತಿಳಿದಿರಲಿಲ್ಲವೆ? ಫಿಲ್ಮು ಕಪ್ಪಾದರೆ ಆಳು ಹೊರಗೆ, ಕೆಲಸ ನಿಲ್ಲುತ್ತದೆ. ಅದು ಡಬ್ಬಿಯಲ್ಲಿದ್ದರೆ ಆಳು ಎಷ್ಟು ದಿನವಾದರೂ ಒಳಗೇ. ಬಿಲ್ಲೆಯನ್ನು ಜೋಪಾನವಾಗಿಟ್ಟು ಮನುಷ್ಯನನ್ನು ಹೊಂಡಕ್ಕಿಳಿಸಿದ ನೀಚ!

ಹಮೀದನ ತಾಯಿ ಐಸಮ್ಮ ಅಕ್ಕಿ ರೊಟ್ಟಿ, ಮೀನು ಸಾರು ತಂದಿಟ್ಟರು. ಇಬ್ಬರಿಗೂ ವಿಷಯ ಬಿಡಿಸಿ ಹೇಳಿದೆ. ಹಮೀದ್ ಒಳಗೆ ಹೋಗಿ ಮೇಸ್ತ್ರಿಯ ಕಾಗದ ತಂದ. ಸೋಮವಾರವೇ ಹೊರಟು ಬರಬೇಕು, ಅದೇ ಹೊಂಡದಲ್ಲಿ ಕೆಲಸ. ಕಳೆದ ತಿಂಗಳವರೆಗೂ ಅವನ ಬಿಲ್ಲೆಯಲ್ಲಿ ಏನೂ ತೊಂದರೆ ಕಂಡಿಲ್ಲವಂತೆ.

"ಹೋಗಬೇಡ. ನಡೆದದ್ದನ್ನು ಬರೆದು ಕೊಡು, ನಾನು ಮೇಲಿನವರಿಗೆ ಮುಟ್ಟಿಸ್ತೇನೆ" ಎಂದೆ.

"ನಾನು ಬಾಯಿ ಬಿಟ್ರೆ ಆರು ಜನರ ಕೆಲಸವೂ ಹೋಗ್ತದೆ ರೈಗಳೇ."

ಐಸಮ್ಮ ನನ್ನನ್ನೇ ನೋಡಿದರು. "ಇಷ್ಟು ತಿಂಗಳು ಅದನ್ನು ತೊಳೆದು ನೋಡಿದ್ದು ಯಾರು?"

"ನಾನೇ."

"ಎಂತ ಬರೆದದ್ದು?"

"ತೊಂದರೆ ಇಲ್ಲ ಅಂತ."

"ಹಾಗಾದ್ರೆ ಅವನೆಂತಕ್ಕೆ ಬರೆಯುದು? ಮೊದಲು ನೀವು ಬರೀರಿ."

ಆ ಹೊಂಡದಲ್ಲಿ ದುಡಿದ ಬೇರೆಯವರ ಫಿಲ್ಮು ಕಪ್ಪಾಗುತ್ತಿತ್ತು. ಈ ಆರು ಮಾತ್ರ ಪ್ರತಿ ಸಲ ಹೊಸದರಂತೆ ಬರುತ್ತಿದ್ದವು. ಒಮ್ಮೆಯಾದರೂ ಎದ್ದು ಹೋಗಿ ನೋಡಿದೆನೆ? ಕುರ್ಚಿ ಬಿಡದೆ ಸಹಿ ಹಾಕಿದ ನನಗೂ ಆ ಮೇಸ್ತ್ರಿಗೂ ಏನು ವ್ಯತ್ಯಾಸ?

ಹಮೀದ್ ಬಸ್ಸಿನವರೆಗೂ ಬಂದ. ಬಿಲ್ಲೆ ಬಿಚ್ಚಿ ಕೈಗಿಟ್ಟು, "ನಿಮ್ಮ ಕಾಗದ ಬರುವವರೆಗೆ ನಾನು ಹೊರಡುದಿಲ್ಲ" ಎಂದ.

ಸವಣೂರಿನಲ್ಲಿ ಬಸ್ಸು ಮತ್ತೆ ನಿಂತಿತು. ಈ ಸಲ ಕೆಳಗಿಳಿಯಲಿಲ್ಲ. ತೊಡೆಯ ಮೇಲೆ ಹಾಳೆಯಿಟ್ಟುಕೊಂಡು ಮೊದಲ ಸಾಲು ಬರೆದೆ: "ಈ ಆರು ಜನರ ಬಗ್ಗೆ ನಾನು ಸಹಿ ಹಾಕಿದ ಒಂದು ವರದಿಯನ್ನೂ ನಂಬಬೇಡಿ." ಕೆಳಗೆ ನನ್ನ ಹೆಸರು ಹಾಕಿದೆ.