ಲೈನ್ ಕ್ಲಿಯರ್

ಮೊನ್ನೆ ಮಧ್ಯಾಹ್ನ ಜಲನಗರದ ನನ್ನ ಟ್ಯೂಷನ್ ಕೋಣೆಯಲ್ಲಿ ಹಲಗೆಯ ಮೇಲೆ ಎರಡು ಇಂಗ್ಲಿಷ್ ಪದ ಬರೆದೆ: ಲೈನ್, ಕ್ಲಿಯರ್. ಯಾವುದಕ್ಕೆ ಹೆಚ್ಚು ಅರ್ಥ, ಹೇಳಿ ಎಂದು ತಿರುಗುವಷ್ಟರಲ್ಲಿ ಫ್ಯಾನು ನಿಂತಿತು. ನಿಂತ ಫ್ಯಾನಿಗೆ ನಾನು ಹೆದರುವುದಿಲ್ಲ. ಮತ್ತೆ ತಿರುಗತೊಡಗುವ ಫ್ಯಾನಿಗೆ ಹೆದರುತ್ತೇನೆ. ಯಾಕೆಂದು ಹೇಳುತ್ತೇನೆ.

ಮಕ್ಕಳು ಮೊದಲು ಲೈನ್ ಹಿಡಿದರು. ಗೆರೆ, ರೇಷನ್ ಅಂಗಡಿಯ ಸಾಲು, ಪದ್ಯದ ಸಾಲು. ಹುಡುಗಿಯ ಹಿಂದೆ ಬೀಳುವುದೂ ಲೈನೇ ಎಂದು ಹಿಂದಿನಿಂದ ಪಿಸುಮಾತು. ನಾನು ಕೇಳದವಳಂತೆ ನಿಂತೆ. ಕ್ಲಿಯರ್ ಇಷ್ಟು ಪುಂಡನಲ್ಲ. ಆಕಾಶ, ಪರೀಕ್ಷೆ, ಗಂಟಲು, ಯಾವುದು ಕ್ಲಿಯರ್ ಆದರೂ ಒಂದು ಅಡ್ಡಿ ಸರಿದಿರುತ್ತದೆ. ಲೈನ್ ಕೂಡಿಸುತ್ತದೆ, ಕ್ಲಿಯರ್ ಸರಿಸುತ್ತದೆ. ಎಂ.ಎ. ಓದಿದ್ದಕ್ಕೆ ಇಷ್ಟು ಹೇಳಬಲ್ಲೆ. ಆದರೆ ನಮ್ಮ ಮನೆಯಲ್ಲಿ ಈ ಎರಡೂ ಒಟ್ಟಿಗೇ ಬರುತ್ತಿದ್ದವು.

ಅಪ್ಪ ಲೈನ್‌ಮನ್. ತಿಕೋಟಾದಲ್ಲಿ ನಮ್ಮ ಮನೆ. ಬಬಲೇಶ್ವರದ ಕಡೆಯ ಕಂಬಗಳೂ ಅವರ ಪಾಲಿಗೆ. ಕಂಬ ಏರುವ ಮೊದಲು ಕರೆಂಟು ಹರಿಸುವ ಸ್ಟೇಷನ್ನಿಗೆ ಫೋನ್ ಮಾಡಿ ಆ ತಂತಿಯ ಕರೆಂಟ್ ತೆಗೆಸಬೇಕು. ಅದೇ ಲೈನ್ ಕ್ಲಿಯರ್. ಇಳಿದ ಮೇಲೆ ಅವರೇ ಹೇಳಿದರಷ್ಟೇ ಮತ್ತೆ ಬಿಡಬೇಕು. ಹೀಗಾಗಿ ಕರೆಂಟ್ ಹೋಯಿತೆಂದು ಊರು ಬೈಯುವಾಗ ನಾನೂ ಅವ್ವನೂ ನಿರಾಳ. ಬಂತೆಂದು ಓಣಿ ಕೂಗಿದಾಗ ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು. ಯಾರಾದರೂ ತಪ್ಪಿ ಬಿಟ್ಟಿದ್ದರೆ? “ಇಳದೇನಿ” ಎಂದು ಅಪ್ಪನ ಫೋನ್ ಬರುವವರೆಗೆ ಅವ್ವ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿಡುತ್ತಿದ್ದಳು, ನಮ್ಮ ಒಂದು ಬಲ್ಬು ಹತ್ತಿದರೆ ಕರೆಂಟು ಅಪ್ಪನ ಮೈಯೊಳಗಿಂದಲೇ ಹರಿದು ಬರುವುದೇನೋ ಎಂಬಂತೆ.

ಜೋರು ಗಾಳಿ ಎದ್ದಿದ್ದ ಒಂದು ದಿನ ಕರೆಂಟ್ ಬಂತು, ಫೋನ್ ಬರಲಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು ಕೂತಳು.

“ಇನ್ನೊಮ್ಮೆ ಹಚ್ಚವಾ.”

ಹಚ್ಚಿದೆ. ಮತ್ತೆ ಹಚ್ಚಿದೆ. ಆಕೆಯ ಕೈಮೇಲಿನ ಹಿಟ್ಟು ಒಣಗಿ ಬಿರುಕು ಬಿಡುವುದನ್ನೇ ನೋಡುತ್ತಿದ್ದೆ. ಮುಖ ನೋಡುವ ಧೈರ್ಯವಿರಲಿಲ್ಲ.

ಕೊನೆಗೆ ಬೈಕಿನ ಸದ್ದು. ಅಪ್ಪ ಒಡೆದ ಮೊಬೈಲ್ ಎತ್ತಿ ತೋರಿಸಿದರು. “ಕಂಬದ ಮ್ಯಾಲಿಂದ ಇದೊಂದ ಬಿದ್ದೈತಿ, ನಾ ಅಲ್ಲ.”

“ನಗಬ್ಯಾಡ್ರಿ! ಸ್ಟೇಷನ್ನಿಗೆ ಹೇಳಾಕ ಮಂದಿ ಫೋನ್ ಸಿಕ್ತು, ಮನಿಗೆ ಹೇಳಾಕ ಸಿಗಲಿಲ್ಲೇನ್ರಿ?”

“ಸ್ಟೇಷನ್ ನಂಬರ್ ಬಾಯಿಪಾಠ ಐತಿ. ನಿಂದು ಇಲ್ಲ.”

ಅಂದು ನಂಬರ್ ತಪ್ಪಿಲ್ಲದೆ ಒಪ್ಪಿಸುವವರೆಗೆ ಅವರಿಗೆ ರೊಟ್ಟಿ ಸಿಗಲಿಲ್ಲ.

“ಮಿಸ್, ಸೆಕಿ ಭಾಳ ಆಗೈತ್ರಿ. ಕರೆಂಟ್ ಯಾವಾಗ ಬರ್ತೈತಿ?” ಹಲಗೆಯ ಮುಂದೆ ನಿಂತಿದ್ದ ನನ್ನನ್ನು ಹುಡುಗನೊಬ್ಬ ಕೇಳಿದ.

ಕಿಟಕಿಯಾಚೆ ನೋಡಿದೆ. ಕಂಬದ ಮೇಲೆ ಒಬ್ಬ ಯುವಕ, ಬೆನ್ನು ನಮ್ಮ ಕಡೆಗೆ. ಅಪ್ಪ ನಿವೃತ್ತರಾಗಿದ್ದಾರೆ; ಈ ಹೊತ್ತಿಗೆ ಉಂಡು ಮಲಗಿರುತ್ತಾರೆ. ಹೆದರಿಕೆಯೂ ಅವರೊಂದಿಗೇ ನಿವೃತ್ತವಾಯಿತೆಂದು ತಿಳಿದಿದ್ದೆ. ಅದು ಇನ್ನೊಬ್ಬರ ಮನೆಗೆ ಹೋಗಿದೆ, ಅಷ್ಟೇ.

“ಅಂವ ಮೊದಲ ಇಳೀಲಿ,” ಎಂದೆ. ಮಕ್ಕಳು ಒಬ್ಬೊಬ್ಬರಾಗಿ ಕಿಟಕಿಗೆ ಬಂದರು. ನಾನು ಗೋಡೆಯ ಬಳಿ ಹೋಗಿ ಫ್ಯಾನಿನ ಸ್ವಿಚ್ ಆರಿಸಿದೆ.