ಮೇಲಿನವನ ಎಡಗಾಲು

ಕಟ್ಟಡದ ಕೆಲಸದವರೆಲ್ಲ ಅವನನ್ನು ‘ಮೇಲಿನವನು’ ಎಂದೇ ಕರೆಯುತ್ತಿದ್ದರು. ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ಕೂತು ಕಬ್ಬಿಣದ ಕಂಬಿಗಳನ್ನೂ ಕಾಂಕ್ರೀಟಿನ ತೊಟ್ಟಿಗಳನ್ನೂ ಎತ್ತಿ ಇಳಿಸುವುದು ಅವನ ಕೆಲಸ. ಕಂಬಿ ಬರುವುದು ತಡವಾದರೆ ಕೆಳಗಿದ್ದ ಮೇಸ್ತ್ರಿ ಆಕಾಶಕ್ಕೆ ಕೈಯೆತ್ತಿ, “ನಮ್ದೇನಿದೆಯಪ್ಪಾ, ಎಲ್ಲಾ ಮೇಲಿನವನ ಕೈಲಿದೆ” ಎನ್ನುತ್ತಿದ್ದ.

ಬೆಳಗ್ಗೆ ಏಣಿ ಹತ್ತಿದರೆ ಅವನು ಇಳಿಯುತ್ತಿದ್ದದ್ದು ಸಂಜೆಗೇ. ನಡುವೆ ಇಳಿದು ಹತ್ತುವಷ್ಟರಲ್ಲಿ ಕೆಳಗೆ ಇಡೀ ಕೆಲಸ ಕೈಕಟ್ಟಿ ನಿಲ್ಲುತ್ತದೆ. ಹಾಗಾಗಿ ಊಟ ಗೂಡಿನಲ್ಲೇ. ಇಳಿಯಬೇಕಾದೀತೆಂದು ನೀರನ್ನೂ ಗುಟುಕು ಗುಟುಕಾಗಿ, ಅಳೆದಂತೆ ಕುಡಿಯುತ್ತಿದ್ದ. ಕದಲದೆ ಕೂರುವುದೇ ಅವನಿಗೊಂದು ಹೆಮ್ಮೆಯಾಗಿತ್ತು.

ಕಟ್ಟಡದ ಕೊನೆಯ ಅಂತಸ್ತು ಏರುತ್ತಿದ್ದಾಗ ಅವನ ಎಡಗಾಲಿನ ಮೀನಖಂಡ ನೋಯತೊಡಗಿತು. ನರ ಹಿಡಿದುಕೊಂಡಿದೆ ಎಂದುಕೊಂಡ. ಮರುದಿನ ಕಾಲು ಊದಿ ಬೂಟು ಏರದಾಯಿತು. ಲೇಸು ಸಡಿಲಿಸಿ ಹೋದ. ಇಸ್ತ್ರಿ ಅಂಗಡಿಯಲ್ಲಿ ದುಡಿಯುತ್ತಿದ್ದ ಹೆಂಡತಿ ಸಂಜೆ ಬಂದವಳೇ ಕಾಲು ಮುಟ್ಟಿ ನೋಡಿದಳು. ಬಿಸಿಯಿತ್ತು. ಚರ್ಮ ಬಿಗಿದು ಮಿರುಗುತ್ತಿತ್ತು. ಕೂತೂ ಕೂತೂ ನರ ಹಿಡಿದಿದೆ ಅಷ್ಟೇ ಎಂದ ಅವನು.

“ಕೂರೋದು ಎರಡು ಕಾಲೂ ಕೂರತ್ತೆ. ಒಂದೇ ಯಾಕ್ರೀ ಊದತ್ತೆ? ನಾಳೆ ಡಾಕ್ಟ್ರಿಗೆ ತೋರ್ಸಿ.”

“ಈ ಸ್ಲ್ಯಾಬ್ ಒಂದು ಮುಗೀಲಿ ಕಣೇ. ನಾನಂತೂ ಕಡ್ಡಿ, ಒಂದು ಕಾಲಾದ್ರೂ ದಪ್ಪ ಆಗ್ಲಿ ಬಿಡು.”

ಅವಳಿಗೆ ನಗು ಬಂತು. ಎಣ್ಣೆ ಬಿಸಿಮಾಡಿ ತಂದು ಮೀನಖಂಡವನ್ನು ಒತ್ತಿ ಒತ್ತಿ ತಿಕ್ಕಿದಳು. ಇಸ್ತ್ರಿಪೆಟ್ಟಿಗೆ ಹಿಡಿದು ಗಟ್ಟಿಯಾದ ಕೈ. ಅವನಿಗೆ ಹಿತವೆನಿಸಿತು. ಮರುದಿನವೂ ತಿಕ್ಕಿದಳು.

ಅದರ ಮಾರನೆಯ ಬೆಳಗ್ಗೆ ಏಣಿಯ ಅರ್ಧದಲ್ಲೇ ಅವನಿಗೆ ಉಸಿರು ಸಾಲದಾಯಿತು. ಎಳೆದುಕೊಂಡಷ್ಟೂ ಪಕ್ಕೆಯಲ್ಲಿ ಚೂರಿ ಆಡಿಸಿದಂಥ ನೋವು. ಕಣ್ಣು ಕತ್ತಲಿಟ್ಟು, ನಡುವೆ ನಿಲ್ಲಲು ಹಾಕಿದ್ದ ಕಬ್ಬಿಣದ ಹಲಗೆಯ ಮೇಲೆ ಕುಸಿದ. ಮೇಸ್ತ್ರಿ ಮತ್ತು ಜೊತೆಯವರು ಹಗ್ಗ ಕಟ್ಟಿ ಇಳಿಸಿ ಆಸ್ಪತ್ರೆಗೆ ಸಾಗಿಸಿದರು.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರಿಗೂ ಬಿಡಿಸಿ ಹೇಳಿದರು. “ಕಾಲಿನ ಒಳಗಡೆ ದೊಡ್ಡ ರಕ್ತನಾಳ ಇರತ್ತಮ್ಮ. ನಡೆಯುವಾಗ ಈ ಮೀನಖಂಡ ಅದನ್ನ ಹಿಂಡಿ ಹಿಂಡಿ ರಕ್ತಾನ ಮೇಲಕ್ಕೆ ತಳ್ಳತ್ತೆ. ಹೀಗೆ ಅಲ್ಲಾಡದೆ ಕೂತೇ ಇದ್ರೆ ರಕ್ತ ನಿಧಾನ ಆಗಿ ಅಲ್ಲೇ ಹೆಪ್ಪುಗಟ್ಟಬಹುದು. ಆ ಹೆಪ್ಪಿನ ಒಂದು ಚೂರು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗಿದೆ. ಬದುಕಿದ್ದೇ ಪುಣ್ಯ.”

“ನಾನು ತಿಕ್ಕಿದ್ದಕ್ಕೇ ಹೀಗಾಯ್ತಾ, ಡಾಕ್ಟ್ರೇ?”

ಡಾಕ್ಟರಮ್ಮ ಸ್ಕ್ಯಾನನ್ನು ಬದಿಗಿಟ್ಟರು. “ಹಾಗೆ ಹೇಳಕ್ಕಾಗಲ್ಲ. ತಿಕ್ಕದೇ ಇದ್ರೂ ಆ ಚೂರು ಹೋಗಬಹುದಿತ್ತು. ಆದ್ರೆ ಇಂಥ ಕಾಲನ್ನ ತಿಕ್ಕಬಾರದು. ಒಂದೇ ಕಾಲು ಊದಿ ನೋವು ಬಂತು ಅಂದ್ರೆ ಅವತ್ತೇ ಬಂದು ತೋರಿಸ್ಬೇಕಿತ್ತು.”

ಹೆಂಡತಿಯ ಕಿವಿಗೆ ಬಿದ್ದದ್ದು ‘ತಿಕ್ಕಬಾರದು’ ಎಂಬ ಮಾತೊಂದೇ. ಅವನ ಕಿವಿಯಲ್ಲಿ ಉಳಿದದ್ದು ‘ಅವತ್ತೇ’.

ಅವನು ಉಳಿದುಕೊಂಡ. ಆದರೆ ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯಿಂದ, ಪೆಟ್ಟಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಎತ್ತರದ ಕೆಲಸ ಬೇಡವೆಂದರು. ಉಗ್ರಾಣದಲ್ಲಿ ಬೋಲ್ಟು, ಕೈಗವಸು ಎತ್ತಿಕೊಡುವ ಕೆಲಸ ಸಿಕ್ಕಿತು. ಮೇಲಿನಿಂದ ಊರಿಡೀ ನೋಡುತ್ತಿದ್ದವನಿಗೆ ಈಗ ಕಿಟಕಿಯೂ ಇಲ್ಲದ ಕೋಣೆ. ಎಡಗಾಲು ಮೊದಲಿನಂತಾಗಲೇ ಇಲ್ಲ. ಸಂಜೆಯ ಹೊತ್ತಿಗೆ ಮರಳು ತುಂಬಿದ ಚೀಲದಂತೆ ಭಾರ.

ಒಂದು ಭಾನುವಾರ ಡಾಕ್ಟರು ಕೊಟ್ಟಿದ್ದ ಬಿಗಿ ಕಾಲುಚೀಲವನ್ನು ಹೆಂಡತಿ ಅವನ ಕಾಲಿಗೆ ಏರಿಸುತ್ತಿದ್ದಳು. ಮೊಣಕಾಲಿನವರೆಗೆ ಎಳೆದವಳೇ ಕೆಂಡ ಮುಟ್ಟಿದವಳಂತೆ ಕೈ ತೆಗೆದಳು.

“ಎಷ್ಟು ದಿನ ಹೀಗೆ ಮಾಡ್ತೀಯ? ತಪ್ಪು ನಂದು ಕಣೇ. ನೀನು ಮೊದಲೇ ಹೇಳಿದ್ದೆ.”

“ಹೇಳಿ ಸುಮ್ನಾದ್ನಲ್ಲ. ನೀವು ತಮಾಷೆ ಮಾಡಿದ್ರಿ, ನಾನೂ ನಕ್ಕುಬಿಟ್ಟೆ. ಕೈ ಹಿಡಿದು ಎಳ್ಕೊಂಡು ಹೋಗ್ಬೇಕಿತ್ತು.”

“ಎಳೆದಿದ್ರೆ ಬರ್ತಿದ್ನಾ?”

ಅವಳು ಯೋಚಿಸಿದಳು. “ಇಲ್ಲ,” ಎಂದಳು.

ಅವಳ ಮನಸ್ಸು ಹಗುರಾಗಲೆಂದು ಅವನು ಕೇಳಿದ್ದ. ಹಗುರಾಗಲಿಲ್ಲ. ಅವನ ಎದೆಯಂತೂ ಇನ್ನಷ್ಟು ಭಾರವಾಯಿತು. ಅವನು ಗೋಡೆ ಹಿಡಿದು ಎದ್ದು ಚಪ್ಪಲಿ ಮೆಟ್ಟಿದ. ಅವಳು ಬಾಗಿಲಿಗೆ ಬೀಗ ಹಾಕಿದಳು. ಡಾಕ್ಟರಮ್ಮ ಹೇಳಿದ್ದ ದಿನದ ನಡಿಗೆಗೆಂದು ಇಬ್ಬರೂ ಬೀದಿಗಿಳಿದರು. ಅವನ ಹೆಜ್ಜೆಗೆ ಹೊಂದುವಂತೆ ಅವಳು ನಿಧಾನವಾಗಿ ನಡೆದಳು.