ಮೂರು ಒಲೆಗಳ ಜಾವಾ ಪಾಠ

ಲಕ್ಷ್ಮೇಶ್ವರದ ಖಾನಾವಳಿಯೊಂದರಲ್ಲಿ ಮೂರು ಒಲೆಗಳ ಮುಂದೆ ಮೂವರು ಹೆಂಗಸರು ಏಕಕಾಲಕ್ಕೆ ರೊಟ್ಟಿ ಬಡಿಯುತ್ತಿದ್ದರು. "ಎಲ್ಲಾರೂ ನಿಮ್ಮ ಮನಿಯವ್ರೇನ್ರಿ?" ಎಂದು ಮಾಲಕಿಯನ್ನು ಕೇಳಿದೆ.

"ಒಬ್ಬಾಕಿ ಅಷ್ಟ ನಮ್ಮ ಮಗಳ್ರಿ ಸರ. ಉಳಿದವ್ರು ನಮ್ಮ ಮನಿಯವ್ರ ಆಗಬೇಕಂತೇನಿಲ್ಲ. ರೊಟ್ಟಿ ಬಡಿಯಾಕ ಬಂದ್ರ ಆತು, ಒಲಿ ಮುಂದ ಕುಂಡ್ರಸ್ತೀನಿ."

ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹಿಂದಿನ ದಿನವಷ್ಟೇ ಗದಗದ ನನ್ನ ಜಾವಾ ಪ್ರೋಗ್ರಾಮಿಂಗ್ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ, ಹಲವು ಕೆಲಸಗಳನ್ನು ಒಟ್ಟಿಗೇ ನಡೆಸಲು ಥ್ರೆಡ್ ಕ್ಲಾಸಿನಿಂದಲೇ ಮಗಳು ಕ್ಲಾಸ್ ಹುಟ್ಟಿಸಬಹುದಾದಾಗ, ರನ್ ಎಂಬ ಕೆಲಸವನ್ನಷ್ಟೇ ಕೇಳುವ ರನ್ನಬಲ್ ಇಂಟರ್‌ಫೇಸ್ ಏಕೆ ಬೇಕು ಎಂದು ಕೇಳಿದ್ದಳು. "ಪುಸ್ತಕದಲ್ಲಿದೆ, ಓದಿಕೋ" ಎಂದು ಗದರಿ ಕೂರಿಸಿದ್ದೆ.

ಮರುದಿನ ಅವಳಲ್ಲಿ ಕ್ಷಮೆ ಕೇಳಿ ಹೇಳಿದೆ: ರನ್ನಬಲ್ ಇದ್ದರೆ ಯಾವ ಕ್ಲಾಸೂ ಥ್ರೆಡ್‌ನ ಮಗಳಾಗಿ ಹುಟ್ಟಬೇಕಿಲ್ಲ, ರನ್ ಎಂಬ ಕೆಲಸ ಬಂದರೆ ಸಾಕು, ಥ್ರೆಡ್ ಒಲೆ ಕೊಡುತ್ತದೆ.

ಈಗ ಆ ಪಾಠಕ್ಕೆ ಪುಸ್ತಕ ತೆರೆಯುವುದಿಲ್ಲ. ಅದರ ಹಿಂದಿನ ದಿನ ಲಕ್ಷ್ಮೇಶ್ವರಕ್ಕೆ ಹೋಗಿ ಉಂಡು ಬರುತ್ತೇನೆ.